ಅಕ್ಕನ ಬಾಗಿಲು, ಬುಗುರಿಯ ಬಾಗಿಲು

"ಟಪ್!"

ಸದ್ದು ಕೇಳಿದ್ದೇ ತಡ, ಅಡುಗೆಮನೆಯಿಂದ ಅಮ್ಮನ ದನಿ ಹಾರಿಬಂತು. "ಏನ್ರೇ ಅದು? ಏನು ಮುರಿದ್ರಿ?"

"ಏನೂ ಮುರೀಲಿಲ್ಲಮ್ಮಾ! ಕ್ಲಿಪ್ ಬಿಚ್ಕೊಳ್ತು, ಅಷ್ಟೆ!" ಬುಗುರಿ ಕೂತಲ್ಲಿಂದಲೇ ಕೂಗಿದಳು.

ಮನೆ ಮುಂದೆ ನಿಂತಿದ್ದ ಕಾರಿನ ಬಲಗಡೆ ಬಾಗಿಲ ಹತ್ತಿರ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಬಟ್ಟೆ ಸುತ್ತಿದ ಮರದ ಸಟ್ಟುಗ. ಕಾರಿನ ಬಾಗಿಲಿನ ಒಳಮೈಗೆ ಪ್ಲಾಸ್ಟಿಕ್ಕಿನ ಒಂದು ದೊಡ್ಡ ಹಲಗೆ ಇರುತ್ತದಲ್ಲ, ಅದೇ ಪ್ಯಾನೆಲ್. ಅದರ ಅಂಚಿಗೆ ಸಟ್ಟುಗ ತೂರಿಸಿ ಮೆಲ್ಲಗೆ ಮೀಟಿದರೆ ಹಿಂದಿನ ಕ್ಲಿಪ್ಪುಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಗೀರು ಬೀಳುತ್ತದೆ, ಸಟ್ಟುಗವೇ ಸರಿ ಎಂದು ಮಾಮ ಹೇಳಿಕೊಟ್ಟಿದ್ದ. ಸಟ್ಟುಗ ಸಿಗದೆ ಅಮ್ಮ ಒಲೆಯ ಮುಂದೆ ಚಮಚದಲ್ಲೇ ಒದ್ದಾಡುತ್ತಿದ್ದಳು, ಅದು ಬೇರೆ ವಿಷಯ.

"ಆಯ್ತೇನೇ ನಿಂದು? ಸಟ್ಟುಗ ಕೊಡು ಇಲ್ಲಿ," ಎಡಗಡೆ ಬಾಗಿಲಿನಿಂದ ಅಕ್ಕ ಕೇಳಿದಳು.

"ಇನ್ನೂ ಎರಡು ಕ್ಲಿಪ್ ಇದೆ. ಸ್ವಲ್ಪ ತಡ್ಕೋ."

"ಆಗ್ಲಿಂದ ಎರಡೇ ಇದೆ ನಿಂದು!"

ಬುಗುರಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ ಎಂದು ತಾತ ಕರೆದ ಹೆಸರು. ಈಗ ಶಾಲೆಯಲ್ಲೂ ಹಾಜರಿ ಕೂಗುವಾಗ ಮಾತ್ರ ಅವಳ ಹೆಸರು ಬೇರೆ, ಉಳಿದ ಹೊತ್ತೆಲ್ಲ ಬುಗುರಿಯೇ. ಅಕ್ಕ ಎಂಟನೇ ಕ್ಲಾಸು. ಬುಗುರಿ ಐದನೇ ಕ್ಲಾಸು. ಇಬ್ಬರಿಗೂ ಒಂದು ವಿಷಯದಲ್ಲಿ ಮಾತ್ರ ಒಮ್ಮತವಿತ್ತು. ಇನ್ನೊಬ್ಬಳು ಹೇಳಿದ್ದು ತಪ್ಪು ಎಂಬುದೇ ಆ ವಿಷಯ.

ಕಾರಿಗೆ ಹೊಸ ಸ್ಪೀಕರ್ ಹಾಕಲು ಮಾಮನೇ ಬರಬೇಕಿತ್ತು. ಅವನು ಗ್ಯಾರೇಜಿನಲ್ಲಿ ಕಾರುಗಳ ವೈರಿಂಗ್ ಮಾಡುವವನು. ಆದರೆ ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿ, "ಅಕ್ಕಾ, ಇಲ್ಲಿ ಕೆಲಸ ತಲೆ ಮೇಲೆ ಬಂದು ಕೂತಿದೆ. ಇವತ್ತು ಆಗಲ್ಲ. ನಾಳೆ ಹಾಕ್ಕೊಡ್ಲಾ?" ಎಂದಿದ್ದ.

ನಾಳೆ ಎಂದರೆ ಆಗುವಂತಿರಲಿಲ್ಲ. ಅಮ್ಮ ಕಸರತ್ತು ಕಲಿಸುವ ಟೀಚರ್. ಮಕ್ಕಳಿಗಲ್ಲ, ತಾತ-ಅಜ್ಜಿಯರಿಗೆ. ಸಂಜೆ ಮೈದಾನದಲ್ಲಿ ಕಾರು ನಿಲ್ಲಿಸಿ, ಮುಂದಿನ ಎರಡೂ ಬಾಗಿಲು ಅಗಲವಾಗಿ ತೆರೆದಿಟ್ಟು, ಜೋರಾಗಿ ಹಾಡು ಹಾಕುತ್ತಾಳೆ. ಕಾರಿನ ಹಿಂದೆ ಸಾಲಾಗಿ ನಿಂತವರು 'ಡಬ್' ಎಂದಾಗ ಕೈ ಮೇಲೆತ್ತುತ್ತಾರೆ, ಮತ್ತೆ 'ಡಬ್' ಎಂದಾಗ ಇಳಿಸುತ್ತಾರೆ. ಅವರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಹಾಡಿನ ಮಾತು ಕೇಳಿಸದಿದ್ದರೂ ಡಬ್ ಎನ್ನುವುದು ಎದೆಗೆ ಬಂದು ತಟ್ಟುತ್ತದೆ. ಅಷ್ಟಿದ್ದರೆ ಸಾಕು, ಕೈಕಾಲು ತಾವೇ ಆಡುತ್ತವೆ.

ಹಳೆಯ ಸ್ಪೀಕರುಗಳ ಒಳಗಿನ ಕಾಗದ ಹರಿದು, ಡಬ್ ಎನ್ನುವ ಜಾಗದಲ್ಲಿ ನೆಗಡಿಯಾದವರ ಹಾಗೆ 'ಗೊರ್' ಎನ್ನತೊಡಗಿದ್ದವು. ಹೊಸ ಜೋಡಿ ಬಂದು ಪೆಟ್ಟಿಗೆಯಲ್ಲೇ ಕೂತಿತ್ತು. ಮೈದಾನದ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನವರು ಇವತ್ತು ಸಂಜೆ ಅಮ್ಮನ ಕ್ಲಾಸು ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ದಿನಾ ಬೆಳಿಗ್ಗೆ ಅಲ್ಲೂ ಕ್ಲಾಸು ಶುರು. ಅಮ್ಮ ಒಂದು ವಾರದಿಂದ ಕನ್ನಡಿಯ ಮುಂದೆ ನಿಂತು ಹೊಸ ಕಸರತ್ತುಗಳನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

"ನಾವೇ ಹಾಕ್ತೀವಮ್ಮ," ಎಂದು ಅಕ್ಕ-ತಂಗಿ ಒಂದೇ ಉಸಿರಿಗೆ ಹೇಳಿದ್ದರು. ಮಾಮನ ಕಾರಿಗೆ ಸ್ಪೀಕರ್ ಹಾಕುವಾಗ ಇಬ್ಬರೂ ಅವನ ಎರಡೂ ಭುಜದ ಮೇಲೆ ಗಲ್ಲ ಊರಿ ನೋಡಿದ್ದರು.

ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಪ್ಯಾನೆಲ್ಲಿನ ಸ್ಕ್ರೂಗಳನ್ನು ತಾನೇ ಸಡಿಲಿಸಿಕೊಟ್ಟು, ಕಾರಿನ ಕೀಯನ್ನು ತಾತನ ಜೇಬಿಗೆ ಹಾಕಿದಳು. "ಕೀ ಕಾರಲ್ಲಿ ಇರುವಾಗ ವೈರ್ ಮುಟ್ಟೋ ಹಾಗಿಲ್ಲ. ತಿಳೀತಾ? ಒಬ್ಬೊಬ್ಬರು ಒಂದೊಂದು ಬಾಗಿಲು. ಒಂದೇ ಬಾಗಿಲಿಗೆ ಇಬ್ಬರೂ ಕೈ ಹಾಕಿದ್ರೆ ಬಾಗಿಲೂ ಉಳಿಯಲ್ಲ, ನೀವೂ ಉಳಿಯಲ್ಲ."

ಹೀಗೆ ಎಡಗಡೆಯದು ಅಕ್ಕನ ಬಾಗಿಲಾಯಿತು, ಬಲಗಡೆಯದು ಬುಗುರಿಯದು.

ಕೊನೆಯ ಕ್ಲಿಪ್ ಕೂಡ ಬಿಟ್ಟಿತು. ಬುಗುರಿ ಸಟ್ಟುಗವನ್ನು ಸೀಟಿನ ಮೇಲಿಂದ ಅಕ್ಕನ ಕಡೆ ಜಾರಿಸಿ, ಪ್ಯಾನೆಲ್ಲನ್ನು ಗೋಡೆಗೆ ಒರಗಿಸಿ ಬಂದಳು. ಹಳೆಯ ಸ್ಪೀಕರ್ ಬಾಗಿಲಿನ ಹೊಟ್ಟೆಯಲ್ಲಿ ಧೂಳು ಮೆತ್ತಿಕೊಂಡು ಕೂತಿತ್ತು. ಅದರ ಬೆನ್ನಿಗೆ ಎರಡು ವೈರ್. ಒಂದು ಬರೀ ಹಳದಿ, ಇನ್ನೊಂದು ಹಳದಿಯ ಮೇಲೆ ಕಪ್ಪು ಗೆರೆ.

"ಕೀಳೋ ಮೊದಲು ಯಾವ ವೈರ್ ಪ್ಲಸ್ಸಲ್ಲಿದೆ, ಯಾವುದು ಮೈನಸ್ಸಲ್ಲಿದೆ ಅಂತ ನೋಡ್ಕೊಳ್ಳಿ," ಎಂದು ಮಾಮ ಫೋನಿನಲ್ಲಿ ಹೇಳಿದ್ದ. ಬುಗುರಿ ಬಟ್ಟೆಯಿಂದ ಧೂಳು ಒರೆಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಪುಟ್ಟ ಪ್ಲಸ್ ಗುರುತು ಕಂಡಿತು. ಆ ಕಡೆ ಇದ್ದದ್ದು ಕಪ್ಪು ಗೆರೆಯ ವೈರ್. ಮರೆಯಬಾರದೆಂದು ಅದಕ್ಕೊಂದು ಕೆಂಪು ದಾರ ಕಟ್ಟಿದಳು.

"ಅಕ್ಕ, ಕಪ್ಪು ಗೆರೆದು ಪ್ಲಸ್ ಕಣೇ!"

"ಹುಚ್ಚಿ, ಕಪ್ಪು ಗೆರೆ ಯಾವಾಗ್ಲೂ ಮೈನಸ್. ನಾನು ವಿಡಿಯೋದಲ್ಲಿ ನೋಡಿದೀನಿ." ಅಕ್ಕ ಆಗಲೇ ತನ್ನ ಹಳೆಯ ಸ್ಪೀಕರಿನ ವೈರುಗಳನ್ನು ಕಿತ್ತು ಬಿಸಾಕಿದ್ದಳು. ಇನ್ನು ಗುರುತು ನೋಡುವ ಮಾತೆಲ್ಲಿ ಬಂತು?

"ಇಲ್ಲಿ ಬರೆದಿದೆ, ಬಂದು ನೋಡು!"

"ನಿನ್ನ ಬಾಗಿಲು ನೀನು ನೋಡ್ಕೋ. ನನ್ನದು ನಾನು ನೋಡ್ಕೋತೀನಿ."

ಬುಗುರಿಗೆ ಮೈಯೆಲ್ಲ ಉರಿಯಿತು. ಹೌದು, ನನ್ನ ಬಾಗಿಲು ನಾನು ನೋಡಿಕೊಳ್ಳುತ್ತೇನೆ, ಆಮೇಲೆ ಯಾರದು ಹಾಡುತ್ತದೆ ನೋಡೋಣ, ಎಂದುಕೊಂಡಳು. ಹೊಸ ಸ್ಪೀಕರನ್ನು ಕೂರಿಸಿದಳು. ಸ್ಕ್ರೂ ಬಿಗಿ ಮಾಡುವಾಗ ನಾಲಿಗೆಯ ತುದಿ ತಾನಾಗಿಯೇ ಬಾಯಿಂದ ಹೊರಗೆ ಬಂದಿತ್ತು. ಕೆಂಪು ದಾರದ ವೈರನ್ನು ಪ್ಲಸ್ಸಿಗೆ ಸಿಕ್ಕಿಸಿ, ಎಳೆದು ನೋಡಿ, ಪ್ಯಾನೆಲ್ಲನ್ನು ಮತ್ತೆ ಹಚ್ಚಿ ಅಂಗೈಯಿಂದ ಗುದ್ದಿದಳು. ಟಪ್, ಟಪ್, ಟಪ್. ಕ್ಲಿಪ್ಪುಗಳು ಮಾತು ಕೇಳಿದವು.

ಅಕ್ಕನದೂ ಅಷ್ಟರಲ್ಲಿ ಮುಗಿದಿತ್ತು. ತಾತ ಕೀ ತಂದುಕೊಟ್ಟರು. ಕಾರಿನ ಮ್ಯೂಸಿಕ್ ಸೆಟ್ಟಿನಲ್ಲಿ ಸದ್ದನ್ನು ಎಡಕ್ಕೆ ಅಥವಾ ಬಲಕ್ಕೆ ಸರಿಸುವ ಬಟನ್ ಇತ್ತು. ಬುಗುರಿ ಪೂರ್ತಿ ಬಲಕ್ಕೆ ಸರಿಸಿ ಹಾಡು ಹಾಕಿದಳು.

ಡಬ್! ಡಬ್! ಡಬ್!

"ನೋಡು ತಾತ, ನಂದು ನೋಡು!" ಬುಗುರಿ ಕುಣಿದಳು.

"ಸರಿ, ಈಗ ನಂದು ಕೇಳಿ." ಅಕ್ಕ ಬಟನ್ನನ್ನು ಪೂರ್ತಿ ಎಡಕ್ಕೆ ಸರಿಸಿದಳು. ಡಬ್! ಡಬ್! ಡಬ್! ಅದೂ ಹಾಗೇ ಗುದ್ದಿತು.

"ನಂದೇ ಜೋರು."

"ಅಯ್ಯೋ, ಕನಸು ಕಾಣ್ತಾ ಇರು. ಮತ್ತೆ ನಂದು ಹಾಕು."

ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಎರಡನ್ನೂ ಒಟ್ಟಿಗೆ ಹಾಕಿ ಕೇಳಬೇಕು ಎಂದು ಇಬ್ಬರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ತನ್ನದು ಮಾತ್ರ ಕೇಳಿಸಿಕೊಳ್ಳುವ ಆತುರದಲ್ಲಿ ಅದು ಹೊಳೆಯುವುದಾದರೂ ಹೇಗೆ? ಅಷ್ಟರಲ್ಲಿ ಅಮ್ಮ ಶೂ ಹಾಕಿಕೊಂಡು ಬಂದೇಬಿಟ್ಟಳು. "ಎರಡೂ ಹಾಡ್ತಾವಲ್ಲ? ಶಭಾಷ್! ಹತ್ತಿ, ಹತ್ತಿ, ಹೊತ್ತಾಯ್ತು."

ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ದಿನಾ ಬರುವ ಹಿರಿಯರ ಜೊತೆಗೆ ಇವತ್ತು ಹೊಸ ಮುಖಗಳೂ ಇದ್ದವು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯಮ್ಮ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಸಾಲಿಗೆ ಸೇರದೆ ಬಲಗಡೆ ದೂರದಲ್ಲಿ ನಿಂತಿದ್ದರು. ಮೊದಲು ನೋಡೋಣ, ಆಮೇಲೆ ಮಾತು ಎನ್ನುವಂತಿತ್ತು ಅವರ ನಿಲುವು.

ತಾತನೂ ಕ್ಲಾಸಿನವರೇ. ಮಂಡಿ ನೋವಿಗೆ ಮಡಚುವ ಕುರ್ಚಿ ಹಾಕಿಕೊಂಡು, ಕೂತಲ್ಲೇ ಕೈ ಬೀಸುತ್ತಾರೆ. ಅಮ್ಮ ಕಾರಿನ ಬಾಗಿಲು ತೆರೆದಿಟ್ಟು, ಕಾರಿಗೆ ಬೆನ್ನು ಮಾಡಿ ಎಲ್ಲರ ಎದುರು ನಿಂತು, ನಕ್ಕು ಕೈ ಮುಗಿದಳು. "ಎಲ್ಲ ತಯಾರಾ? ಮಗಳೇ, ಹಾಡು!"

ಅಕ್ಕ ಎರಡೂ ಸ್ಪೀಕರ್ ಬರುವ ಹಾಗೆ ಬಟನ್ ನಡುವಿಗೆ ತಂದು ಹಾಡು ಹಾಕಿದಳು.

ಟಿಸ್. ಟಿಸ್. ಟಿಸ್.

ಹಾಡೇನೋ ಬಂತು. ಆದರೆ ಡಬ್ ಇರಲಿಲ್ಲ. ಸದ್ದು ತೆಳ್ಳಗೆ, ಮುಚ್ಚಳ ಹಾಕಿದ ಡಬ್ಬಿಯೊಳಗೆ ಕೂತು ಯಾರೋ ಹಾಡುವ ಹಾಗಿತ್ತು. ಅಕ್ಕ ಗಾಬರಿಯಾಗಿ ಸದ್ದು ಜೋರು ಮಾಡಿದಳು. ಟಿಸ್ ಟಿಸ್ ಜೋರಾಯಿತು, ಅಷ್ಟೆ.

"ಇದೇನಮ್ಮ, ಹಾಡಿಗೆ ಹೊಟ್ಟೆಗಿಲ್ವಾ ಇವತ್ತು?" ತಾತ ಕೇಳಿದರು. ಸಾಲಿನಲ್ಲಿ ಯಾರೋ ನಕ್ಕರು.

ಅಮ್ಮ ತಾನೇ ಬಂದು ಬಟನ್ನನ್ನು ಎಡಕ್ಕೆ ಸರಿಸಿದಳು. ಡಬ್ ಬಂತು! ಆದರೆ ಎಡಗಡೆಯವರ ಕೈ ಮಾತ್ರ ಮೇಲೆದ್ದಿತು. ಬಲಗಡೆ ನಿಂತವರು ಎಡಗಡೆಯವರನ್ನು ನೋಡಿ, ಕೈ ಅರ್ಧ ಎತ್ತಿ, ಇಳಿಸಿ, ಮುಖಮುಖ ನೋಡಿಕೊಂಡರು. ಕಾರ್ಯದರ್ಶಿಯಮ್ಮನ ಹುಬ್ಬು ಗಂಟಾಯಿತು. ಅಮ್ಮ ಬಲಕ್ಕೆ ಸರಿಸಿದಳು, ಆಗ ಎಡಗಡೆಯವರ ಪಾಡು ಅದೇ ಆಯಿತು.

ಅಮ್ಮ ಹಾಡು ನಿಲ್ಲಿಸಿದಳು. ಬೈಯಲಿಲ್ಲ. ಕೀ ತೆಗೆದು ತಾತನ ಕೈಗೆ ಕೊಟ್ಟು, "ಪರವಾಗಿಲ್ಲ, ಇವತ್ತು ಚಪ್ಪಾಳೆಯಲ್ಲಿ ಮಾಡೋಣ!" ಎಂದು ಗಟ್ಟಿಯಾಗಿ ಹೇಳಿ ಶುರುಮಾಡಿಬಿಟ್ಟಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಬುಗುರಿಗೆ.

ಅಕ್ಕ ಅಮ್ಮನ ಫೋನಿನಿಂದ ಮಾಮನಿಗೆ ಫೋನ್ ಹಚ್ಚಿದಳು. ಇಬ್ಬರೂ ಕಾರಿನ ಮುಂದೆ ಹೋಗಿ ತಲೆಗೆ ತಲೆ ತಾಗಿಸಿ ನಿಂತರು.

"ಮಾಮ, ಒಂದೊಂದೇ ಹಾಕಿದ್ರೆ ಡಬ್ ಬರುತ್ತೆ. ಎರಡೂ ಹಾಕಿದ್ರೆ ಮಾಯ!"

ಆ ಕಡೆಯಿಂದ ಮೊದಲು ಸುತ್ತಿಗೆಯ ಸದ್ದು, ಆಮೇಲೆ ಮಾಮನ ನಗು ಬಂತು. "ಪ್ಲಸ್ ಮೈನಸ್ ಇಬ್ಬರೂ ಒಂದೇ ಥರ ಹಾಕಿಲ್ಲ ನೀವು. ಈಗ ಏನಾಗ್ತಿದೆ ಗೊತ್ತಾ? ಒಂದು ಸ್ಪೀಕರ್ ಗಾಳೀನ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳ್ಕೊಳ್ತಿದೆ. ಎರಡೂ ಬೆವರು ಸುರಿಸಿ ಕೆಲಸ ಮಾಡ್ತಿವೆ, ನಿಮಗೆ ಮಾತ್ರ ಏನೂ ಸಿಗ್ತಿಲ್ಲ."

ಬುಗುರಿಗೆ ಥಟ್ಟನೆ ತಾತನ ಕೋಣೆಯ ಕಬ್ಬಿಣದ ಬೀರು ಕಣ್ಣಿಗೆ ಬಂತು. ಅದನ್ನು ಸರಿಸುವಾಗ ಅವಳು ಈ ಕಡೆಯಿಂದ, ಅಕ್ಕ ಆ ಕಡೆಯಿಂದ ಹಲ್ಲು ಕಚ್ಚಿ ತಳ್ಳಿದ್ದೇ ತಳ್ಳಿದ್ದು. ಬೀರು ಇದ್ದಲ್ಲೇ ಇತ್ತು. ಬೀರುವಿಗೆ ಇಷ್ಟು ತೂಕ ಎಲ್ಲಿಂದ ಬಂತು ಎಂದು ಇಬ್ಬರೂ ಬೈದುಕೊಂಡಿದ್ದರು. ತಾತ ಬಾಗಿಲಲ್ಲಿ ನಿಂತು ನಕ್ಕಿದ್ದು ಯಾಕೆಂದು ಆಮೇಲೆ ಗೊತ್ತಾಗಿತ್ತು.

"ಈಗ ಏನು ಮಾಡ್ಬೇಕು ಮಾಮ?"

"ಯಾವುದಾದ್ರೂ ಒಂದು ಬಾಗಿಲು ಬಿಚ್ಚಿ, ಎರಡು ವೈರ್ ಅದಲು ಬದಲು ಮಾಡಿ. ಅಷ್ಟೇ ಕೆಲಸ."

"ಯಾರ ಬಾಗಿಲು?" ಇಬ್ಬರೂ ಒಟ್ಟಿಗೆ ಕೇಳಿದರು.

"ಯಾರದಾದ್ರೇನು? ಒಂದು ಮಾಡಿದ್ರೆ ಸಾಕು. ಇಡ್ಲಾ? ಇಲ್ಲಿ ಕೂಗ್ತಿದ್ದಾರೆ." ಮಾಮ ಫೋನ್ ಇಟ್ಟುಬಿಟ್ಟ.

ಅಕ್ಕ ಬುಗುರಿಯನ್ನು ನೋಡಿದಳು. ಬುಗುರಿ ಅಕ್ಕನನ್ನು ನೋಡಿದಳು.

"ನಿಂದು ಬಿಚ್ಚು," ಎಂದಳು ಅಕ್ಕ.

"ನಾನ್ಯಾಕೆ? ನಾನು ಗುರುತು ನೋಡಿ ಹಾಕಿದೀನಿ. ದಾರ ಕಟ್ಟಿದೀನಿ. ನೀನೇ ನೋಡ್ದೆ ಕಿತ್ತಿದ್ದು!"

"ನಾನು ಸುಮ್ನೆ ಹಾಕಿದ್ನಾ? ಸರಿಯಾಗೇ ಹಾಕಿದೀನಿ. ನಾನು ಬಿಚ್ಚಲ್ಲ."

"ನಾನೂ ಬಿಚ್ಚಲ್ಲ!"

ಅಕ್ಕ ಫೋನನ್ನು ಸೀಟಿನ ಮೇಲೆ ಇಟ್ಟು, ಕೈ ಕಟ್ಟಿಕೊಂಡು, ತನ್ನ ಬಾಗಿಲಿನ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತಳು. ಬುಗುರಿ ತನ್ನ ಬಾಗಿಲಿನ ಹತ್ತಿರ ಈ ಕಡೆ ಮುಖ ಮಾಡಿ ನಿಂತಳು.

"ಕೈ ಮೇಲೆ! ಮೇಲೆ! ಕೆಳಗೆ!" ಅಮ್ಮ ಕೂಗುತ್ತಿದ್ದಳು. ಕೂಗಿ ಕೂಗಿ ದನಿ ಕಟ್ಟಿಕೊಳ್ಳತೊಡಗಿತ್ತು. ಚಪ್ಪಾಳೆ ಹೊಡೆಯುವ ಕೈ ಕಸರತ್ತು ತೋರಿಸುವುದಾದರೂ ಹೇಗೆ? ಚಪ್ಪಾಳೆ ಹೊಡೆದರೆ ಕಸರತ್ತು ನಿಲ್ಲುತ್ತಿತ್ತು, ಕಸರತ್ತು ಮಾಡಿದರೆ ಚಪ್ಪಾಳೆ ನಿಲ್ಲುತ್ತಿತ್ತು. ಹಿಂದಿನ ಸಾಲಿನ ಒಬ್ಬರು ತಾತ ಎಲ್ಲರೂ ಕೈ ಇಳಿಸಿದ ಮೇಲೆ ಕೈ ಎತ್ತಿದರು. ಕಾರ್ಯದರ್ಶಿಯಮ್ಮ ಕೈಚೀಲವನ್ನು ಹೆಗಲಿಗೆ ಹಾಕಿಕೊಂಡರು. ಹೊರಡುವ ಮೊದಲು ಜನ ಹಾಕಿಕೊಳ್ಳುತ್ತಾರಲ್ಲ, ಹಾಗೆ.

ಅಮ್ಮನ ನಗು ಮಾತ್ರ ಮುಖದಲ್ಲೇ ಇತ್ತು. ಆದರೆ ಕತ್ತು ತಿರುಗಿಸಿ ಒಂದೇ ಒಂದು ಸಲ ಕಾರಿನ ಕಡೆ ನೋಡಿದಳು. ಆ ನೋಟದಲ್ಲಿ ನಗು ಇರಲಿಲ್ಲ. ಕನ್ನಡಿಯ ಮುಂದೆ ಅಮ್ಮ ಕೈ ಬೀಸುತ್ತಿದ್ದದ್ದು, ತಪ್ಪಿದಾಗ ತಾನೇ ನಾಲಿಗೆ ಕಚ್ಚಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದದ್ದು ಎಲ್ಲ ಬುಗುರಿಗೆ ನೆನಪಾಯಿತು.

ಬಿಚ್ಚಿಬಿಡಲೇ?

ಆದರೆ ಅಕ್ಕನಿಗೆ ಹೇಳಿದರೆ ಮುಗಿಯಿತು. 'ಹಾಗಾದ್ರೆ ನಿಂದೇ ತಪ್ಪು ಅಂತ ಒಪ್ಕೊಂಡೆ' ಎಂದು ದೊಡ್ಡವಳಾದ ಮೇಲೂ ಹಾಡಿಕೊಂಡು ತಿರುಗುತ್ತಾಳೆ. ತನ್ನದು ಸರಿ ಎಂದು ಬುಗುರಿಗೆ ಗೊತ್ತಿತ್ತು. ಚೂರೂ ಅನುಮಾನವಿರಲಿಲ್ಲ. ಸರಿಯಾಗಿರುವುದನ್ನು ತಾನೇ ಬಿಚ್ಚಿ ತಪ್ಪು ಮಾಡಬೇಕು ಎನ್ನುವುದು ಎಂಥ ಅನ್ಯಾಯ! ಹಾಗೆ ಅಂದುಕೊಳ್ಳುತ್ತಲೇ ಅವಳು ಕುಕ್ಕರಗಾಲಲ್ಲಿ ಕೂತಾಗಿತ್ತು. ಕೈ ಆಗಲೇ ಸೀಟಿನ ಕೆಳಗಿನ ಸ್ಕ್ರೂಡ್ರೈವರ್ ಹುಡುಕುತ್ತಿತ್ತು. ಹೇಳುವುದೇ ಬೇಡ. ಗುಟ್ಟಾಗಿ ಮಾಡಿಬಿಡುತ್ತೇನೆ, ಡಬ್ ಬಂದರೆ ಸಾಕು.

ಸ್ಕ್ರೂ ತೆಗೆದಳು. ಒಮ್ಮೆ ಬಿಚ್ಚಿದ ಕ್ಲಿಪ್ಪುಗಳು ಬೆರಳಿಗೇ ಬಿಟ್ಟುಕೊಂಡವು. ಪ್ಯಾನೆಲ್ಲನ್ನು ಪೂರ್ತಿ ತೆಗೆಯದೆ ಒಂದು ಮೂಲೆ ಮಾತ್ರ ಎತ್ತಿ, ಕೈ ಒಳಗೆ ತೂರಿಸಿ, ತಡಕಿ, ಎರಡು ವೈರನ್ನೂ ಕಿತ್ತು ಅದಲು ಬದಲು ಸಿಕ್ಕಿಸಿದಳು. ಪ್ಯಾನೆಲ್ಲನ್ನು ಸುಮ್ಮನೆ ಒತ್ತಿಟ್ಟು, ತಾತನ ಹತ್ತಿರ ಓಡಿ ಕೈ ಚಾಚಿದಳು.

ತಾತ ಕೈ ಬೀಸುವುದನ್ನು ನಿಲ್ಲಿಸಿ ಕೀ ಕೊಟ್ಟರು. ಅವರ ಮೀಸೆಯ ಕೆಳಗೆ ನಗುವೊಂದು ಓಡಾಡುತ್ತಿತ್ತು. ಹಿಂದಿನ ಸಾಲಿನ ಅಜ್ಜಿಯರೂ ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಿದ್ದರು. ಇವರಿಗೆಲ್ಲ ಏನಾಗಿದೆ ಎಂದುಕೊಂಡು ಬುಗುರಿ ಕಾರಿಗೆ ಹಾರಿ, ಕೀ ತಿರುಗಿಸಿ, ಹಾಡು ಒತ್ತಿದಳು.

ಟಿಸ್. ಟಿಸ್. ಟಿಸ್.

ಅವಳು ಕಣ್ಣು ಕಣ್ಣು ಬಿಟ್ಟಳು. ಇದು ಹೇಗೆ ಸಾಧ್ಯ? ಆ ಕಡೆಯ ಬಾಗಿಲಿನ ಬುಡದಿಂದ ಅಕ್ಕನ ತಲೆ ನಿಧಾನವಾಗಿ ಮೇಲೆ ಬಂತು. ಮೂಗಿನ ತುದಿಗೆ ಕರಿ ಮೆತ್ತಿತ್ತು. ಕೈಯಲ್ಲಿ ಇನ್ನೊಂದು ಸ್ಕ್ರೂಡ್ರೈವರ್ ಇತ್ತು.

"ಯಾಕೆ ಡಬ್ ಬರ್ಲಿಲ್ಲ?" ಅಕ್ಕನ ದನಿ ಅಳುವ ಹಾಗಿತ್ತು. "ನಾನು ನಂದು ಬದಲಾಯಿಸಿದ್ನಲ್ಲ!"

"ನೀನು ಬದಲಾಯಿಸಿದ್ಯಾ?"

"ಹೂಂ. ನಿಂಗೆ ಹೇಳ್ಬಾರದು ಅಂತ..." ಅಕ್ಕ ಅಲ್ಲಿಗೇ ನಿಂತಳು. ಬುಗುರಿಯ ಕೈಯ ಧೂಳು ನೋಡಿದಳು, ಒಂದು ಮೂಲೆ ಬಾಯಿ ಬಿಟ್ಟುಕೊಂಡಿದ್ದ ಅವಳ ಪ್ಯಾನೆಲ್ ನೋಡಿದಳು. "ಅಯ್ಯೋ! ನೀನೂ ನಾ?"

ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಎರಡೂ ಬಾಗಿಲನ್ನು ತಿರುಗಿಸಿದ್ದರು. ಹೊರಗೆ ತಳ್ಳುತ್ತಿದ್ದ ಇವಳ ಸ್ಪೀಕರ್ ಈಗ ಒಳಗೆ ಎಳೆಯುತ್ತಿತ್ತು, ಒಳಗೆ ಎಳೆಯುತ್ತಿದ್ದ ಅವಳದು ಈಗ ಹೊರಗೆ ತಳ್ಳುತ್ತಿತ್ತು. ನಡುವೆ ಸೀಟು, ಗೇರು ಇದ್ದದ್ದರಿಂದ ಅವಳು ಬಗ್ಗಿದ್ದು ಇವಳಿಗೆ ಕಾಣಲಿಲ್ಲ, ಇವಳು ಬಗ್ಗಿದ್ದು ಅವಳಿಗೆ ಕಾಣಲಿಲ್ಲ. ಹಿಂದೆ ನಿಂತ ಇಡೀ ಕ್ಲಾಸಿಗೆ ಇಬ್ಬರೂ ಕಾಣುತ್ತಿದ್ದರು.

ಮೊದಲು ಅಕ್ಕನಿಗೆ ನಗು ಬಂತು. ಆಮೇಲೆ ಬುಗುರಿಗೆ. ಸ್ಟಿಯರಿಂಗ್ ಮೇಲೆ ಹಣೆ ಇಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು.

"ನಾನೇನೋ ಇಬ್ಬರೂ ಮಾತಾಡಿಕೊಂಡೇ ಮಾಡ್ತಿದೀರಿ ಅಂದ್ಕೊಂಡಿದ್ದೆ!" ತಾತ ಕುರ್ಚಿಯಿಂದಲೇ ಕೂಗಿದರು. ಸಾಲಿಗೆ ಸಾಲೇ ನಕ್ಕಿತು. ಏನಾಯಿತೆಂದು ತಿಳಿಯದ ಅಮ್ಮನೊಬ್ಬಳು ಮಾತ್ರ ಕೈ ಎತ್ತಿಕೊಂಡು ಹಾಗೇ ನಿಂತಿದ್ದಳು.

"ಬೇಗ, ಬೇಗ!" ಅಕ್ಕ ಕಾರನ್ನು ಸುತ್ತಿ ಓಡಿಬಂದಳು. "ನಿಂದೇ ಮಾಡೋಣ. ನನ್ನ ಪ್ಯಾನೆಲ್ ಕೂರಿಸಿಬಿಟ್ಟೆ, ನಿಂದು ಇನ್ನೂ ಸಡಿಲ ಇದೆ. ನಾನು ಎತ್ತಿ ಹಿಡಿತೀನಿ, ನಿನ್ನ ಕೈ ಸಣ್ಣದು, ಒಳಗೆ ಹೋಗುತ್ತೆ."

ಬುಗುರಿ ಕೀ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡಳು. ಅಕ್ಕ ಪ್ಯಾನೆಲ್ಲನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು. ಬುಗುರಿ ಮೊಣಕೈವರೆಗೆ ಒಳಗೆ ಹಾಕಿ ತಡಕಿದಳು. ಒಂದು ವೈರಿಗೆ ಕಟ್ಟಿದ್ದ ದಾರದ ಗಂಟು ಬೆರಳಿಗೆ ಸಿಕ್ಕಿತು. ಅದನ್ನು ಮತ್ತೆ ಪ್ಲಸ್ಸಿಗೆ ಸಿಕ್ಕಿಸಿದಳು.

ಆಗ ಅವಳಿಗೆ ಲೆಕ್ಕ ಹೊಳೆಯಿತು. ತನ್ನ ವೈರುಗಳು ಮನೆಯಲ್ಲಿ ಹಾಕಿದಾಗ ಎಲ್ಲಿದ್ದವೋ ಅಲ್ಲಿಗೇ ಬಂದಿವೆ. ಬದಲಾಗಿರುವುದು ಅಕ್ಕನದು ಮಾತ್ರ. ಅಂದರೆ ಗುರುತು ನೋಡಿ ಹಾಕಿದ್ದ ತನ್ನದೇ ಸರಿಯಿತ್ತು. ಮೊದಲಿನಿಂದಲೂ!

ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ತಲೆಯೆತ್ತಿದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು. ಎಂಟನೇ ಕ್ಲಾಸಿನವಳಿಗೆ ಇಷ್ಟು ಲೆಕ್ಕ ಬಾರದೆ ಇರುತ್ತದೆಯೇ? ಮೂಗಿನ ಮೇಲಿನ ಕರಿ ಇನ್ನೂ ಹಾಗೇ ಇತ್ತು.

"ಹೇಳು," ಎಂದಳು ಅಕ್ಕ ಮೆಲ್ಲಗೆ. "ಹೇಳ್ಬಿಡು, ಪರವಾಗಿಲ್ಲ."

"ಇನ್ನೂ ಸ್ವಲ್ಪ ಮೇಲೆತ್ತೇ," ಎಂದಳು ಬುಗುರಿ. "ಕೈ ಸಿಕ್ಕಾಕ್ಕೊಂಡಿದೆ."

ಅಕ್ಕ ಪಕ್ಕನೆ ನಕ್ಕು ಪ್ಯಾನೆಲ್ಲನ್ನು ಎತ್ತಿದಳು. ಕೈ ಹೊರಗೆ ಬಂತು. ಇಬ್ಬರೂ ಸೇರಿ ಅಂಗೈಯಿಂದ ಗುದ್ದಿ ಕ್ಲಿಪ್ಪುಗಳನ್ನು ಕೂರಿಸಿದರು. ಬುಗುರಿ ಕೀ ಹಾಕಿದಳು, ಅಕ್ಕ ಹಾಡು ಒತ್ತಿದಳು.

ಡಬ್!

ಹಿಂದಿನ ಸಾಲಿನ ತಾತನ ಕೈ ಎಲ್ಲರಿಗಿಂತ ಮೊದಲು ಮೇಲೆದ್ದಿತು.

ಡಬ್! ಡಬ್! ಡಬ್! ಕಾರಿನ ಮೈ ನಡುಗಿತು, ಹುಲ್ಲಿನ ಮೇಲಿನ ಪಾರಿವಾಳಗಳು ಬುರ್ರನೆ ಹಾರಿದವು. ಅಮ್ಮ ಒಂದು ಕ್ಷಣ ಕಣ್ಣು ಮುಚ್ಚಿ ತೆರೆದಳು. ಮರುಕ್ಷಣ ಅವಳ ಎರಡೂ ಕೈ ಆಕಾಶಕ್ಕೆ ಹೋದವು. ಸಾಲುಗಳೆಲ್ಲ ಅವಳ ಜೊತೆಗೇ ಕೈ ಎತ್ತಿದವು, ಬಾಗಿದವು, ತಿರುಗಿದವು. ಕಾರ್ಯದರ್ಶಿಯಮ್ಮ ನಿಂತಲ್ಲೇ ಕಾಲು ಕುಟ್ಟತೊಡಗಿದರು. ಆಮೇಲೆ ಆ ಕಡೆ ಈ ಕಡೆ ನೋಡಿ, ಕೈಚೀಲವನ್ನು ತಾತನ ಕುರ್ಚಿಯ ಪಕ್ಕದಲ್ಲಿಟ್ಟು, ಮೊದಲನೇ ಸಾಲಿನಲ್ಲೇ ಜಾಗ ಮಾಡಿಕೊಂಡರು.

ಅಕ್ಕ-ತಂಗಿ ಕಾರಿನ ಹಿಂದೆ, ಸಾಲುಗಳ ತುದಿಗೆ ಬಂದು ನಿಂತರು. ಬುಗುರಿ ಕಣ್ಣು ಮುಚ್ಚಿ ಕಿವಿಗೊಟ್ಟಳು. ತನ್ನ ಬಾಗಿಲಿನ ಸದ್ದು ಯಾವುದೆಂದು ಹುಡುಕಬೇಕೆನಿಸಿತು. ಬಲಗಡೆ ಹುಡುಕಿದಳು, ಅಲ್ಲಿರಲಿಲ್ಲ. ಹೋಗಲಿ, ಅಕ್ಕನದಾದರೂ ಸಿಗುತ್ತದೆಯೇ ಎಂದು ಎಡಗಡೆ ಹುಡುಕಿದಳು. ಅಲ್ಲೂ ಇರಲಿಲ್ಲ. ಹಾಡು ಬೇರೆ ಯಾವುದೋ ಜಾಗದಿಂದ ಬರುತ್ತಿತ್ತು.

"ಅಕ್ಕ, ಕಣ್ಣು ಮುಚ್ಚು," ಎಂದಳು ಅವಳು. "ಹಾಡು ಎಲ್ಲಿಂದ ಬರ್ತಿದೆ, ಬೆರಳು ತೋರ್ಸು. ನಾನೂ ತೋರಿಸ್ತೀನಿ."

"ಏನೇ ಇದು ಹೊಸ ಆಟ?" ಎನ್ನುತ್ತಲೇ ಅಕ್ಕ ಕಣ್ಣು ಮುಚ್ಚಿದಳು.

ಬುಗುರಿ ಚೆನ್ನಾಗಿ ಕೇಳಿಸಿಕೊಂಡು ಬೆರಳು ಚಾಚಿದಳು. ಆಮೇಲೆ ಒಂದೇ ಕಣ್ಣು ತೆರೆದು ನೋಡಿದಳು. ಅಕ್ಕನ ಕರಿ ಮೆತ್ತಿದ ಬೆರಳೂ ಅವಳ ಬೆರಳೂ ಎರಡು ಬಾಗಿಲುಗಳ ನಟ್ಟನಡುವೆ, ಒಂದೇ ಕಡೆಗೆ ತೋರಿಸುತ್ತಿದ್ದವು. ಅಕ್ಕ ಇನ್ನೂ ಕಣ್ಣು ತೆರೆದಿರಲಿಲ್ಲ. ಬುಗುರಿ ತನ್ನ ಕೈಯನ್ನು ಇಳಿಸಲಿಲ್ಲ.